ಕರಿಗಲ್ಲಿನ ಪಾಠಶಾಲೆ

ಚಂದ್ರನ ನೆಲದ ಮೇಲೆ ಇದುವರೆಗೆ ನಡೆದಾಡಿರುವ 12 ಮಂದಿಯಲ್ಲಿ ಶಿಲಾಶಾಸ್ತ್ರವನ್ನೇ ವೃತ್ತಿಯಾಗಿ ಅಂಗೀಕರಿಸಿದ್ದವರು ಹ್ಯಾರಿಸನ್ ಷ್ಮಿಟ್ ಒಬ್ಬರೇ. ಉಳಿದವರೆಲ್ಲರೂ ವಿಮಾನಚಾಲನೆಯಲ್ಲಿ ನಿಷ್ಣಾತರಾಗಿ, ಯಂತ್ರದ ಮುಖವನ್ನು ನೋಡಿದ ಮಾತ್ರಕ್ಕೆ ಅದರ ಒಳಗಿನ ದೋಷವನ್ನು ಊಹಿಸಬಲ್ಲವರಾಗಿದ್ದರೂ, ಕಾಲ ಕೆಳಗಿನ ಕಲ್ಲನ್ನು ನೋಡಿ ಅದರ ಪೂರ್ವೋತ್ತರವನ್ನು ಹೇಳುವ ವಿದ್ಯೆಯನ್ನು ತಾವಾಗಿ ಬಯಸಿದವರಾಗಿರಲಿಲ್ಲ. ಅಂತಹ ಚಾಲಕರು 1969ರಿಂದ 1972ರವರೆಗಿನ ಆರು ಅಪೊಲೋ ಯಾತ್ರೆಗಳಲ್ಲಿ ಒಟ್ಟು 382 ಕಿಲೋಗ್ರಾಂ ಕಲ್ಲುಮಣ್ಣುಗಳನ್ನು ಭೂಮಿಗೆ ತಂದರು. ಆ ರಾಶಿಯನ್ನು ಪರಿಶೋಧಿಸುತ್ತ ವಿಜ್ಞಾನಿಗಳು ಇಂದಿಗೂ ಹೊಸ ಸಂಗತಿಗಳನ್ನು ಹೊರಗೆಡಹುತ್ತಿದ್ದಾರೆ. ಕೈಗೆ ಸಿಕ್ಕಿದ್ದನ್ನು ಚೀಲಕ್ಕೆ ತುಂಬಿಕೊಂಡು ಬಂದಿದ್ದರೆ ಈ ಫಲ ದೊರೆಯುತ್ತಿರಲಿಲ್ಲ. ಯಾವ ಕಲ್ಲನ್ನು ಎತ್ತಬೇಕು, ಯಾವುದನ್ನು ಬಿಡಬೇಕು, ಎತ್ತುವ ಮುನ್ನ ಅದು ಹೇಗೆ ಬಿದ್ದಿತ್ತೆಂಬುದನ್ನು ಏತಕ್ಕೆ ಗುರುತಿಸಿಕೊಳ್ಳಬೇಕು ಎಂಬ ವಿವೇಚನೆಯನ್ನು ಆ ಚಾಲಕರಿಗೆ ಕಲಿಸಿದ್ದು ಭೂಮಿಯ ಮೇಲಿನ ಲಾವಾಕ್ಷೇತ್ರಗಳು: ಹವಾಯಿ ದ್ವೀಪದ ಕಿಲಾವೆಯಾ, ಐಸ್‌ಲೆಂಡಿನ ಆಸ್ಕ್ಯಾ, ಅರಿಜೋನಾದ ಬೂದಿಬೆಟ್ಟಗಳು, ಐಡಾಹೋ ಪ್ರಾಂತದ ಕರಿಶಿಲೆಯ ಬಯಲು. ಮನುಷ್ಯನನ್ನು ಮರಳಿ ಚಂದ್ರನಿಗೂ ಅನಂತರ ಮಂಗಳಕ್ಕೂ ಕಳುಹಿಸುವ ಮಾತು ಈಗ ಗಂಭೀರವಾಗಿ ನಡೆಯುತ್ತಿರುವಾಗ, ನಮ್ಮ ದೇಶವೂ 2040ರ ವೇಳೆಗೆ ತನ್ನವನೊಬ್ಬನನ್ನು ಚಂದ್ರನ ಮೇಲೆ ಇಳಿಸುವುದಾಗಿ ಸಾರಿರುವಾಗ, ಆ ಪಾಠಶಾಲೆಯಲ್ಲಿ ನಿಜವಾಗಿ ಏನನ್ನು ಕಲಿಸಲಾಯಿತು ಎಂಬುದನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಜ್ವಾಲಾಮುಖಿಯ ನೆಲವೇ ಏಕೆ ಎಂದು ಕೇಳಬಹುದು. ನಾವು ಮೊಲವೆಂದೋ ಜಿಂಕೆಯೆಂದೋ ಕಲ್ಪಿಸಿಕೊಂಡು ಬಂದಿರುವ ಚಂದ್ರನ ಕಪ್ಪು ಕಲೆಗಳು ಬಹುಪಾಲು 300 ಕೋಟಿ ವರ್ಷಗಳಿಗೂ ಹಿಂದೆ ಆ ಗೋಳದ ಒಡಲಿನಿಂದ ಉಕ್ಕಿ, ತಗ್ಗುಗಳನ್ನು ತುಂಬಿ, ಹೆಪ್ಪುಗಟ್ಟಿ ನಿಂತ ಲಾವಾರಸವೇ ಆಗಿವೆ. ಭೂವಿಜ್ಞಾನಿಗಳು ಬಸಾಲ್ಟ್ ಎಂದು ಕರೆಯುವ, ನಮ್ಮ ಜನ ಕರಿಗಲ್ಲೆಂದು ಕರೆಯುವ ಶಿಲೆಯ ಜಾತಿಗೇ ಅವು ಸೇರಿದವು. ಮಂಗಳನ ಒಲಿಂಪಸ್ ಮಾನ್ಸ್ ಸುಮಾರು 22 ಕಿ.ಮೀ. ಎತ್ತರಕ್ಕೆ ಬೆಳೆದ ಜ್ವಾಲಾಮುಖಿ; ಹವಾಯಿಯ ಮೌನಾ ಲೋವಾ ಗಾತ್ರದಲ್ಲಿ ಅದಕ್ಕೆ ಎಷ್ಟೇ ಕಿರಿದಾದರೂ ಅದೇ ಬಗೆಯ ರಚನೆ. ಇದಕ್ಕೂ ಮಿಗಿಲಾದ ಇನ್ನೊಂದು ಕಾರಣವುಂಟು. ಭೂಮಿಯ ಮೇಲೆ ಅನ್ಯತ್ರ ಕಲ್ಲನ್ನು ಮಣ್ಣು ಮುಚ್ಚಿರುತ್ತದೆ, ಮಣ್ಣನ್ನು ಹುಲ್ಲು ಮುಚ್ಚಿರುತ್ತದೆ, ಇವೆರಡನ್ನೂ ಮನುಷ್ಯನ ಕೈ ಕೆದಕಿರುತ್ತದೆ. ಹೊಸದಾಗಿ ಹರಿದ ಲಾವಾರಸದ ಮೇಲಾದರೋ ಇಂತಹ ಆವರಣಗಳೊಂದೂ ಇಲ್ಲದೆ, ಯಾವ ಪ್ರವಾಹ ಮೊದಲು ಹರಿಯಿತು, ಯಾವುದು ಅದರ ಮೇಲೆ ಏರಿತು, ಯಾವ ಬಿರುಕಿನಿಂದ ಅನಿಲ ಹೊರಟಿತು ಎಂಬುದೆಲ್ಲ ಬರಿಗಣ್ಣಿಗೆ ಕಾಣುವಂತೆ ಬಯಲಾಗಿರುತ್ತದೆ. ಓದಲು ಕಲಿಯುವವನಿಗೆ ಸ್ಫುಟವಾದ ಅಕ್ಷರಗಳ ಪುಸ್ತಕವೇ ಮೊದಲು ಬೇಕಲ್ಲವೇ?

ಈ ಶಿಕ್ಷಣದ ಆದ್ಯ ಪ್ರವರ್ತಕರು ಯೂಜೀನ್ ಶೂಮೇಕರ್. ಚಂದ್ರನ ಕುಳಿಗಳು ಜ್ವಾಲಾಮುಖಿಗಳ ಬಾಯಿಗಳೋ, ಹೊರಗಿನಿಂದ ಬಂದೆರಗಿದ ಉಲ್ಕೆಗಳು ಮಾಡಿದ ಗಾಯಗಳೋ ಎಂಬ ವಿವಾದ ಕಳೆದ ಶತಮಾನದ ಮಧ್ಯಭಾಗದಲ್ಲಿಯೂ ತೀರದೆ ಇದ್ದಾಗ, ಅರಿಜೋನಾದ ಮಹಾಕುಳಿಯು ಉಲ್ಕಾಘಾತದಿಂದಲೇ ಆದುದೆಂದು ಸಾಧಿಸಿ ತೋರಿಸಿದವರಲ್ಲಿ ಅವರು ಅಗ್ರಗಣ್ಯರು. ಚಂದ್ರನ ಮೇಲೆ ಕಾಲಿಡುವ ಪ್ರಥಮ ಭೂವಿಜ್ಞಾನಿ ತಾವಾಗಬೇಕೆಂಬುದು ಅವರ ಮಹದಾಕಾಂಕ್ಷೆಯಾಗಿತ್ತು. ಗ್ರಂಥಿದೋಷದಿಂದ ಬರುವ ಅಡಿಸನ್ ಎಂಬ ವ್ಯಾಧಿ ಅದಕ್ಕೆ ಅಡ್ಡಬಂದಿತು. ತಾವು ಹೋಗಲಾಗದ ಮೇಲೆ, ಹೋಗತಕ್ಕವರನ್ನು ಸಿದ್ಧಗೊಳಿಸುವ ಕಾರ್ಯವನ್ನು ಕೈಗೆತ್ತಿಕೊಂಡು, 1963ರಲ್ಲಿ ಅಮೆರಿಕದ ಭೂಸರ್ವೇಕ್ಷಣ ಇಲಾಖೆಯ ಖಗೋಳಭೂವಿಜ್ಞಾನ ಶಾಖೆಯನ್ನು ಫ್ಲಾಗ್‌ಸ್ಟಾಫ್ ಪಟ್ಟಣದಲ್ಲಿ ನೆಲೆಗೊಳಿಸಿದರು. ಆ ಪಟ್ಟಣವನ್ನು ಆರಿಸಿಕೊಂಡದ್ದು ಆಕಸ್ಮಿಕವಲ್ಲ: ಅದರ ಸುತ್ತಮುತ್ತ ಸುಮಾರು 600 ಜ್ವಾಲಾಮುಖಿಗಳು ಹರಡಿಕೊಂಡಿವೆ, ಉಲ್ಕಾಕುಳಿಯೂ ಬಹಳ ದೂರವಿಲ್ಲ. ಶೂಮೇಕರರ ಅಸ್ಥಿಭಸ್ಮದ ಅಂಶವನ್ನು ಹೊತ್ತ ನೌಕೆಯೊಂದು 1999ರಲ್ಲಿ ಚಂದ್ರನಿಗೆ ಅಪ್ಪಳಿಸಿತೆಂಬುದನ್ನು ಪ್ರಸಂಗವಶಾತ್ ಇಲ್ಲಿ ಹೇಳಬಹುದು.

ಫ್ಲಾಗ್‌ಸ್ಟಾಫಿನ ಸಮೀಪದಲ್ಲಿ ಸಿಂಡರ್ ಲೇಕ್ ಎಂಬ ಬಯಲುಂಟು. ಸರೋವರವೆಂಬ ಹೆಸರಿದ್ದರೂ ಅಲ್ಲಿ ನೀರಿಲ್ಲ. ಸುಮಾರು 9 ಶತಮಾನಗಳ ಹಿಂದೆ ಸನ್‌ಸೆಟ್ ಕ್ರೇಟರ್ ಉಗುಳಿದ ಕಪ್ಪು ಕಿಟ್ಟದ ಹರಳುಗಳು ಮೊಣಕಾಲುದ್ದದ ಹೊದಿಕೆಯಂತೆ ಹಾಸಿಕೊಂಡಿವೆ, ಅದರಡಿಯಲ್ಲಿ ತಿಳಿಬಣ್ಣದ ಜೇಡಿಯ ಪದರವಿದೆ. 1967ರ ಜುಲೈ ತಿಂಗಳಿನಲ್ಲಿ ಭೂವಿಜ್ಞಾನಿಗಳು ಚಂದ್ರನನ್ನು ಸುತ್ತುತ್ತಿದ್ದ ನೌಕೆಯೊಂದು ಕಳುಹಿಸಿದ ಪ್ರಶಾಂತಸಾಗರದ ಚಿತ್ರವನ್ನು ಮುಂದಿಟ್ಟುಕೊಂಡು, ಅಲ್ಲಿ ಕಾಣುವ ಒಂದೊಂದು ಕುಳಿಗೂ ಸರಿಯಾಗಿ ಈ ಬಯಲಿನಲ್ಲಿ ಗುರುತು ಹಾಕಿ, ಆ ಗುರುತುಗಳಲ್ಲಿ ಸಿಡಿಮದ್ದನ್ನೂ ರಾಸಾಯನಿಕ ಗೊಬ್ಬರವನ್ನೂ ಹೂಳಿ ಸ್ಫೋಟಿಸಿ, 47 ಕುಳಿಗಳನ್ನು ನಿರ್ಮಿಸಿದರು. ಸ್ಫೋಟದ ರಭಸಕ್ಕೆ ಅಡಿಯ ಜೇಡಿ ಮೇಲೆ ಎದ್ದು ಕಪ್ಪು ನೆಲದ ಮೇಲೆ ಬಿಳಿಯ ಕಿರಣಗಳಂತೆ ಚೆಲ್ಲಿಕೊಂಡಿತು. ಚಂದ್ರನ ಹೊಸ ಕುಳಿಗಳ ಸುತ್ತ ಕಾಣಬರುವುದೂ ಇಂತಹ ಕಿರಣಗಳೇ. ಕುಳಿಗಳನ್ನು ಒಂದಾದ ಮೇಲೊಂದರಂತೆ ಸಿಡಿಸಿದ್ದರಿಂದ ಯಾವುದರ ಮಣ್ಣು ಯಾವುದರ ಮೇಲೆ ಬಿದ್ದಿದೆ ಎಂಬ ಕ್ರಮವೂ ಅಲ್ಲಿ ದಾಖಲಾಗಿತ್ತು. ಶಿಷ್ಯನು ಆ ಕ್ರಮವನ್ನು ತನ್ನ ಕಣ್ಣಿನಿಂದಲೇ ಬಿಡಿಸಬೇಕು. ಬೆಲೆಬಾಳುವ ಯಂತ್ರವೊಂದನ್ನೂ ಬಳಸದೆ, ಕಾಡುಬಯಲನ್ನೇ ಪ್ರಶ್ನಪತ್ರಿಕೆಯಾಗಿ ಪರಿವರ್ತಿಸಿದ ಈ ಉಪಾಯವನ್ನು ನಾನು ಅಪೊಲೋ ಕಾಲದ ಅತಿ ಬುದ್ಧಿವಂತ ವೆಚ್ಚಗಳಲ್ಲಿ ಒಂದೆಂದು ಎಣಿಸುತ್ತೇನೆ.

ಆದರೆ ಬಯಲೊಂದೇ ಗುರುವಾಗಲಾರದು. ಪ್ರಾರಂಭದ ವರ್ಷಗಳಲ್ಲಿ ಚಾಲಕರು ಈ ಪ್ರವಾಸಗಳನ್ನು ಬಲವಂತದ ಪಾಠವೆಂದೇ ಭಾವಿಸುತ್ತಿದ್ದರು. ಖನಿಜಗಳ ಹೆಸರನ್ನು ಬಾಯಿಪಾಠ ಮಾಡಿಸುವ ಉಪನ್ಯಾಸಗಳಿಂದ ಯಾರಿಗೂ ಶಿಲೆಯ ಮೇಲೆ ಪ್ರೀತಿ ಹುಟ್ಟಲಿಲ್ಲ. ಈ ಸ್ಥಿತಿಯನ್ನು ಬದಲಾಯಿಸಿದವರು ಕ್ಯಾಲ್ಟೆಕ್ ಸಂಸ್ಥೆಯ ಪ್ರಾಧ್ಯಾಪಕ ಲೀ ಸಿಲ್ವರ್. ಷ್ಮಿಟ್ ಅವರ ಒತ್ತಾಯದಿಂದ 1969ರಲ್ಲಿ ಕೆಲವು ಯಾತ್ರಿಗಳನ್ನು ಕ್ಯಾಲಿಫೋರ್ನಿಯಾದ ಮರುಭೂಮಿಯ ಬೆಟ್ಟಗಳಿಗೆ ಕರೆದುಕೊಂಡು ಹೋದ ಸಿಲ್ವರ್, ಹೆಸರುಗಳನ್ನು ಬದಿಗಿಟ್ಟು, ಕಣ್ಣಿಗೆ ಕಂಡದ್ದನ್ನು ಕಂಡಂತೆ ವರ್ಣಿಸುವುದನ್ನು ಮೊದಲು ಕಲಿಸಿದರು. ಮುಂದೆ ಅದೇ ಪದ್ಧತಿ ಬೆಳೆದು, ಇಬ್ಬರು ಯಾತ್ರಿಗಳು ಬೆನ್ನಿಗೆ ಪೆಟ್ಟಿಗೆ ಕಟ್ಟಿಕೊಂಡು ಅಪರಿಚಿತವಾದ ಲಾವಾಭೂಮಿಯಲ್ಲಿ ನಡೆಯುವುದು, ಆ ನೆಲ ಕಾಣದಷ್ಟು ದೂರದಲ್ಲಿ ಕುಳಿತ ಸಂಪರ್ಕಾಧಿಕಾರಿ ಮತ್ತು ಭೂವಿಜ್ಞಾನಿಗಳು ರೇಡಿಯೋದಲ್ಲಿ ಬರುವ ಮಾತನ್ನು ಮಾತ್ರ ಕೇಳಿ ಅಲ್ಲಿನ ನಕ್ಷೆಯನ್ನು ಬರೆಯಲು ಯತ್ನಿಸುವುದು, ಸಂಜೆ ಎಲ್ಲರೂ ಒಟ್ಟಾಗಿ ಅದೇ ಬೆಟ್ಟವನ್ನು ಹತ್ತಿ, ಹೇಳಿದ್ದರಲ್ಲಿ ಏನು ತಪ್ಪಿತು, ಕೇಳಿದ್ದರಲ್ಲಿ ಏನು ತಪ್ಪಿತು ಎಂದು ತಕರಾರು ಮಾಡುವುದು ವಾಡಿಕೆಯಾಯಿತು. ನೋಡುವವನಿಗೆ ಭಾಷೆಯನ್ನೂ ಕೇಳುವವನಿಗೆ ದೃಷ್ಟಿಯನ್ನೂ ಏಕಕಾಲದಲ್ಲಿ ಕೊಟ್ಟ ಅಭ್ಯಾಸವಿದು.

ಇದರ ಫಲವನ್ನು ಅಪೊಲೋ 15ರ ಯಾತ್ರೆಯಲ್ಲಿ ಕಾಣಬಹುದು. ಡೇವಿಡ್ ಸ್ಕಾಟ್ ಮತ್ತು ಜೇಮ್ಸ್ ಇರ್ವಿನ್ ಇಳಿಯಬೇಕಾಗಿದ್ದ ಹ್ಯಾಡ್ಲಿ ಕಣಿವೆ ಒಂದಾನೊಂದು ಕಾಲದಲ್ಲಿ ಲಾವಾರಸ ಹರಿದ ಕಾಲುವೆ. ಅದಕ್ಕೆ ಪ್ರತಿಯಾಗಿ ಅವರು ನ್ಯೂ ಮೆಕ್ಸಿಕೋದಲ್ಲಿ ಬಸಾಲ್ಟನ್ನು ಕೊರೆದು ಹರಿಯುವ ರಿಯೋ ಗ್ರಾಂಡೆ ನದಿಯ ಕಮರಿಯ ಅಂಚಿನಲ್ಲಿ ನಡೆದು ಅಭ್ಯಾಸ ಮಾಡಿದ್ದರು. 1971ರ ಜುಲೈ 31ರಂದು ಮೊದಲನೆಯ ಸಂಚಾರವನ್ನು ಮುಗಿಸಿ ತಮ್ಮ ವಾಹನದಲ್ಲಿ ಮರಳುತ್ತಿದ್ದಾಗ, ಕಾಲ ಮೀರುತ್ತಿದೆ, ಎಲ್ಲಿಯೂ ನಿಲ್ಲಕೂಡದು ಎಂದು ಹ್ಯೂಸ್ಟನ್ನಿನ ನಿಯಂತ್ರಣ ಕೇಂದ್ರದಿಂದ ಆಜ್ಞೆಯಾಗಿತ್ತು. ಆ ಅವಸರದಲ್ಲಿ ಬೂದುಬಣ್ಣದ ನೆಲದ ಮೇಲೆ ಒಂಟಿಯಾಗಿ ಬಿದ್ದಿದ್ದ, ಮೈತುಂಬ ಗುಳ್ಳೆಗಳ ತೂತುಗಳಿದ್ದ ಕಪ್ಪು ಕಲ್ಲೊಂದು ಸ್ಕಾಟರ ಕಣ್ಣಿಗೆ ಬಿದ್ದಿತು. ಲಾವಾರಸದಲ್ಲಿ ಕರಗಿದ್ದ ಅನಿಲ ಹೊರಬಿದ್ದ ಕುರುಹು ಆ ತೂತುಗಳು. ಹವಾಯಿಯಲ್ಲಿ ಅಂತಹುದನ್ನು ಕೈಯಲ್ಲಿ ಹಿಡಿದು ನೋಡಿದವನಿಗೆ ಅದರ ಬೆಲೆ ಗೊತ್ತು. ಅನುಮತಿ ಕೇಳಿದರೆ ದೊರೆಯದೆಂದು ಬಲ್ಲ ಸ್ಕಾಟ್, ಆಸನದ ಪಟ್ಟಿ ಸಡಿಲವಾಗಿದೆ, ಸರಿಪಡಿಸಿಕೊಳ್ಳುತ್ತೇನೆ ಎಂದು ಹೇಳಿ ವಾಹನವನ್ನು ನಿಲ್ಲಿಸಿದರು. ಇರ್ವಿನ್ ಸಂಗತಿಯನ್ನು ತಕ್ಷಣ ಗ್ರಹಿಸಿ ಸುತ್ತಲಿನ ಕುಳಿಗಳ ವರ್ಣನೆಯನ್ನು ಪ್ರಾರಂಭಿಸಿ ರೇಡಿಯೋವನ್ನು ತುಂಬಿದರು. ಅಷ್ಟರಲ್ಲಿ ಸ್ಕಾಟ್ ಇಳಿದು, ಚಿತ್ರ ತೆಗೆದು, ಕಲ್ಲನ್ನು ಎತ್ತಿಕೊಂಡು ಬಂದು ಕುಳಿತರು. ಹೆಚ್ಚುಕಡಿಮೆ ಒಂದು ಕಿಲೋಗ್ರಾಂ ತೂಗುವ ಆ ಶಿಲೆ ಇಂದಿಗೂ ಆಸನಪಟ್ಟಿಯ ಬಸಾಲ್ಟ್ ಎಂಬ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಮರುದಿನ, ಸ್ಪರ್ ಎಂಬ ಕುಳಿಯ ಅಂಚಿನಲ್ಲಿ, ಮಣ್ಣಿನ ಹೆಂಟೆಯೊಂದರ ಮೇಲೆ ಯಾರೋ ಎತ್ತಿಟ್ಟಂತೆ ಕುಳಿತಿದ್ದ ಬಿಳಿಯ ಹರಳುಗಲ್ಲು ಅವರಿಗೆ ದೊರೆಯಿತು. ಚಂದ್ರನ ಆದಿಕಾಲದ ಮೇಲ್ಪದರದ ತುಣುಕಾದ ಅನಾರ್ಥೊಸೈಟ್ ಅದೇ ಇರಬೇಕೆಂದು ಅವರು ಅಲ್ಲಿಯೇ ಊಹಿಸಿದರು, ಊಹೆ ಸರಿಯಾಗಿತ್ತು. ಹುಡುಕಬೇಕಾದುದೇನೆಂದು ತಿಳಿದಿದ್ದವರಿಗೆ ಮಾತ್ರ ಹೀಗೆ ಕಾಣುತ್ತದೆ.

ಇಷ್ಟನ್ನು ಹೇಳಿ ನಿಲ್ಲಿಸಿದರೆ, ಭೂಮಿಯ ಮೇಲೆ ಚಂದ್ರನ ಪ್ರತಿಕೃತಿಯನ್ನು ಹುಡುಕಿ ಅಲ್ಲಿ ಅಭ್ಯಾಸ ಮಾಡಿದರೆ ಸಾಕು ಎಂಬ ಅಭಿಪ್ರಾಯ ಉಂಟಾಗುವ ಅಪಾಯವಿದೆ. ಅಪೊಲೋ 16ರ ವೃತ್ತಾಂತ ಈ ಅಭಿಪ್ರಾಯಕ್ಕೆ ತಕ್ಕ ಉತ್ತರ. 1972ರ ಏಪ್ರಿಲಿನಲ್ಲಿ ಜಾನ್ ಯಂಗ್ ಮತ್ತು ಚಾರ್ಲ್ಸ್ ಡ್ಯೂಕ್ ಇಳಿದ ಡೆಕಾರ್ಟ್ ಎಂಬ ಎತ್ತರದ ಪ್ರದೇಶವನ್ನು ಆರಿಸಿಕೊಂಡದ್ದೇ ಅದು ಜ್ವಾಲಾಮುಖಿಗಳಿಂದಾದ ನೆಲವೆಂಬ ನಂಬಿಕೆಯಿಂದ. ಅಲ್ಲಿನ ಸಮತಲಗಳು ಬೂದಿ ಹರಿದು ತುಂಬಿಕೊಂಡವೆಂದೂ, ಗುಡ್ಡಗಳು ಮಂದವಾದ ಲಾವಾರಸದ ಉಬ್ಬುಗಳೆಂದೂ ಚಿತ್ರಗಳನ್ನು ನೋಡಿದ ತಜ್ಞರು ಬಹುಮತದಿಂದ ತೀರ್ಮಾನಿಸಿದ್ದರು. ಯಾತ್ರಿಗಳು ನೆಲಕ್ಕಿಳಿದು ಕಲ್ಲನ್ನು ಕೈಗೆತ್ತಿಕೊಂಡ ಮೇಲೆ ಕಂಡದ್ದೇ ಬೇರೆ. ಎಲ್ಲಿ ನೋಡಿದರೂ ಬ್ರೆಚ್ಚಿಯಾ, ಅಂದರೆ ಉಲ್ಕಾಘಾತದಿಂದ ಒಡೆದು ಮತ್ತೆ ಬೆಸೆದುಕೊಂಡ ಚೂರುಗಳ ಶಿಲೆ. ಲಾವಾರಸದ ಕಲ್ಲಿನ ಸುಳಿವೇ ಇಲ್ಲ. ತಜ್ಞರ ನಿರೀಕ್ಷೆಯನ್ನೇ ಪ್ರತಿಧ್ವನಿಸುವ ಶಿಷ್ಯರಾಗಿದ್ದರೆ ಕಂಡದ್ದನ್ನು ಬಿಟ್ಟು ಹೇಳಿಕೊಟ್ಟದ್ದನ್ನು ಒಪ್ಪಿಸಿಬಿಡುತ್ತಿದ್ದರು. ಯಂಗ್ ಮತ್ತು ಡ್ಯೂಕ್ ಹಾಗೆ ಮಾಡಲಿಲ್ಲ, ಇಲ್ಲದುದನ್ನು ಇಲ್ಲವೆಂದೇ ವರದಿ ಮಾಡಿದರು. ಅವರು ಲಾವಾಭೂಮಿಗಳಲ್ಲಿ ಅಲೆದುದಲ್ಲದೆ ಕೆನಡಾದ ಸಡ್ಬರಿಗೂ ಹೋಗಿ ಉಲ್ಕಾಘಾತದ ಶಿಲೆಗಳನ್ನು ನೋಡಿ ಬಂದಿದ್ದರು. ಎರಡನ್ನೂ ಬಲ್ಲ ಕಣ್ಣಿಗೆ ಭೇದ ತಿಳಿಯಿತು. ಚಂದ್ರನ ಎತ್ತರದ ಪ್ರದೇಶಗಳ ರಚನೆಯ ಬಗ್ಗೆ ಅಂದಿನವರೆಗೆ ಇದ್ದ ಸಿದ್ಧಾಂತ ಆ ಮೂರು ದಿನಗಳಲ್ಲಿ ಕುಸಿದುಬಿದ್ದಿತು. ಜ್ವಾಲಾಮುಖಿಯ ನೆಲದಲ್ಲಿ ಕಲಿತದ್ದರ ಅತ್ಯುತ್ತಮ ಪ್ರಯೋಜನ, ಜ್ವಾಲಾಮುಖಿ ಇಲ್ಲದ ಕಡೆಯಲ್ಲಿ ಅದಿಲ್ಲವೆಂದು ಧೈರ್ಯವಾಗಿ ಹೇಳಲು ಸಾಧ್ಯವಾದುದು ಎಂದು ನನಗೆ ತೋರುತ್ತದೆ.

ಅದೇ ವರ್ಷದ ಡಿಸೆಂಬರಿನಲ್ಲಿ ಷ್ಮಿಟ್ ಅವರು ಷಾರ್ಟಿ ಎಂಬ ಕುಳಿಯ ಅಂಚಿನಲ್ಲಿ ಕಿತ್ತಳೆ ಬಣ್ಣದ ಮಣ್ಣನ್ನು ಕಂಡಾಗ, ಭೂಮಿಯ ಜ್ವಾಲಾಮುಖಿಗಳಲ್ಲಿ ಬಿಸಿ ಅನಿಲ ಹೊರಡುವ ರಂಧ್ರಗಳ ಸುತ್ತ ಕಲ್ಲು ತುಕ್ಕುಹಿಡಿದು ಕೆಂಪೇರುವಂತೆ ಇಲ್ಲಿಯೂ ಆಗಿರಬಹುದೆಂಬ ಭಾವನೆ ಮೊದಲು ಉಂಟಾಯಿತು. ಪರೀಕ್ಷಿಸಿದಾಗ ಅದು ಸುಮಾರು 360 ಕೋಟಿ ವರ್ಷಗಳ ಹಿಂದೆ ಚಿಮ್ಮಿದ ಲಾವಾಕಾರಂಜಿಯ ಹನಿಗಳು ಗಾಜಿನ ಮಣಿಗಳಾಗಿ ಉದುರಿದ್ದೆಂದು ತಿಳಿಯಿತು. 1959ರಲ್ಲಿ ಹವಾಯಿಯ ಕಿಲಾವೆಯಾ ಇಕಿಯಲ್ಲಿ 500 ಮೀಟರಿಗೂ ಎತ್ತರಕ್ಕೆ ಚಿಮ್ಮಿದ ಕಾರಂಜಿಯಿಂದ ಅಂತಹ ಗಾಜಿನ ಹನಿಗಳು ಉದುರಿದ್ದನ್ನು ಜನ ಕಣ್ಣಾರೆ ಕಂಡಿದ್ದರು. ಭೂಮಿಯ ಒಂದು ಹೋಲಿಕೆ ದಾರಿತಪ್ಪಿಸಿತು, ಇನ್ನೊಂದು ಹೋಲಿಕೆ ದಾರಿ ತೋರಿಸಿತು. ಆ ಬಗೆಯ ಮಣಿಗಳಲ್ಲಿ ನೀರಿನ ಲೇಶವಿರುವುದನ್ನು 2008ರಲ್ಲಿ ಕಂಡುಹಿಡಿದಾಗ ಚಂದ್ರನು ಹುಟ್ಟಿನಿಂದಲೇ ಒಣಗಿದವನೆಂಬ ಹಳೆಯ ಮಾತೂ ಅಲುಗಾಡಿತು.

ಈಚಿನ ದಿನಗಳಲ್ಲಿ ಇಂತಹ ಸಿದ್ಧತೆಯ ಹೆಸರಿನಲ್ಲಿ ಪತ್ರಿಕೆಗಳಿಗೆ ಹೆಚ್ಚಾಗಿ ಪ್ರಿಯವಾಗಿರುವುದು ಗುಮ್ಮಟವಾಸ. ಮೌನಾ ಲೋವಾದ ಇಳಿಜಾರಿನಲ್ಲಿ ಸುಮಾರು 2500 ಮೀಟರ್ ಎತ್ತರದಲ್ಲಿ ನಿಲ್ಲಿಸಿದ ಬಿಳಿಯ ಗುಮ್ಮಟವೊಂದರಲ್ಲಿ 2015ರ ಆಗಸ್ಟಿನಿಂದ ಒಂದು ವರ್ಷದ ಪರ್ಯಂತ ಆರು ಮಂದಿ ಮಂಗಳದಲ್ಲಿರುವವರಂತೆ ವಾಸಮಾಡಿದರು. ಹೊರಗೆ ಬರಬೇಕಾದರೆ ಅಂಗಿಯ ಮೇಲೆ ಅಂತರಿಕ್ಷದ ಉಡುಪನ್ನು ತೊಡಬೇಕು, ಮನೆಗೆ ಕಳುಹಿಸಿದ ಮಾತು ತಲಪಲು 20 ನಿಮಿಷ ಕಾಯಬೇಕು. ಮನುಷ್ಯರು ಇಕ್ಕಟ್ಟಿನಲ್ಲಿ ಹೇಗೆ ಸಹಬಾಳ್ವೆ ನಡೆಸುತ್ತಾರೆಂಬುದನ್ನು ಅರಿಯಲು ಇದು ಉಪಯುಕ್ತವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಅರಿವಿಗೆ ಗುಮ್ಮಟದ ಹೊರಗಿನ ಲಾವಾಭೂಮಿ ಬಹುಮಟ್ಟಿಗೆ ರಂಗಸಜ್ಜಿಕೆ; ಅಂಟಾರ್ಕ್ಟಿಕದ ಹಿಮದಲ್ಲಿಯೋ ಜಲಾಂತರ್ಗಾಮಿಯಲ್ಲಿಯೋ ಅದನ್ನು ಕಲಿಯಬಹುದು. ಇದಕ್ಕಿಂತ ನನ್ನ ಮನಸ್ಸಿಗೆ ಹಿಡಿಸಿದುದು ನಾಸಾದ ಡಾರ್ಲೀನ್ ಲಿಮ್ ಅವರ ನೇತೃತ್ವದಲ್ಲಿ ಐಡಾಹೋದಲ್ಲಿಯೂ ಕಿಲಾವೆಯಾದಲ್ಲಿಯೂ ನಡೆದ ಬಸಾಲ್ಟ್ ಯೋಜನೆ. ಅಲ್ಲಿ ಕೆಲಸ ಮಾಡಿದವರು ಕೇವಲ ನಟಿಸಲಿಲ್ಲ. ಬಿಸಿಯ ಹಬೆ ಹಾದುಹೋದ ಕರಿಗಲ್ಲಿನಲ್ಲಿ ಸೂಕ್ಷ್ಮಜೀವಿಗಳು ಎಲ್ಲಿ, ಎಷ್ಟು ನೆಲೆಸುತ್ತವೆ ಎಂಬ ನಿಜವಾದ ಪ್ರಶ್ನೆಯೊಂದನ್ನು ಹಿಡಿದುಕೊಂಡು ಹೊರಟು, ಅದಕ್ಕೆ ಬೇಕಾದ ಮಾದರಿಗಳನ್ನು ನಿಜವಾಗಿ ಕಡಿದು ತಂದರು. ಜೊತೆಗೆ, ಅವರಿಗೂ ಅವರಿಗೆ ಸಲಹೆ ಕೊಡುವ ವಿಜ್ಞಾನಿಗಳಿಗೂ ನಡುವೆ ಮಂಗಳದ ದೂರಕ್ಕೆ ತಕ್ಕಂತೆ ಒಮ್ಮೆ 5 ನಿಮಿಷ, ಇನ್ನೊಮ್ಮೆ 15 ನಿಮಿಷಗಳ ವಿಳಂಬವನ್ನು ಬೇಕೆಂದೇ ಇರಿಸಲಾಗಿತ್ತು. ಮಂಗಳನಿಗೆ ಮಾತು ಮುಟ್ಟಲು ಗ್ರಹಗಳ ಸ್ಥಾನವನ್ನು ಅನುಸರಿಸಿ 3ರಿಂದ 22 ನಿಮಿಷ ಹಿಡಿಯುವುದರಿಂದ, ಪ್ರಶ್ನೆ ಕಳುಹಿಸಿ ಉತ್ತರಕ್ಕಾಗಿ ಕೈಕಟ್ಟಿ ನಿಲ್ಲುವ ಪದ್ಧತಿ ಅಲ್ಲಿ ನಡೆಯದು; ಕಾಯುವ ಹೊತ್ತಿನಲ್ಲಿ ಯಾವ ಕೆಲಸವನ್ನು ಮಾಡಬೇಕು, ಯಾವ ಮಾದರಿಯನ್ನು ತಾತ್ಕಾಲಿಕವಾಗಿ ಗುರುತಿಸಿಟ್ಟು ಸಲಹೆ ಬಂದ ಮೇಲೆ ಕಡಿಯಬೇಕು ಎಂಬ ಕ್ರಮವನ್ನು ಈ ಕಲ್ಲುಗಳ ನಡುವೆಯೇ ರೂಪಿಸಿಕೊಳ್ಳಬೇಕಾಯಿತು. ಇತ್ತ ಫ್ಲಾಗ್‌ಸ್ಟಾಫಿನ ಹಳೆಯ ಶಾಲೆಯೂ ಮುಚ್ಚಿಲ್ಲ: ಚಂದ್ರನ ದಕ್ಷಿಣಧ್ರುವದಲ್ಲಿ ಸೂರ್ಯ ದಿಗಂತವನ್ನು ಬಿಟ್ಟು ಮೇಲೇರದೆ ನೆರಳುಗಳು ಉದ್ದುದ್ದ ಬೀಳುವುದರಿಂದ, 2022ರಲ್ಲಿ ಫ್ಲಾಗ್‌ಸ್ಟಾಫಿನ ಬಳಿ ರಾತ್ರಿಯ ವೇಳೆ ಒಂದೇ ಪ್ರಖರವಾದ ದೀಪವನ್ನು ಸೂರ್ಯನಾಗಿ ನಿಲ್ಲಿಸಿಕೊಂಡು ಯಾತ್ರಿಗಳು ನಡೆದು ನೋಡಿದರು, 2024ರ ಮೇ ತಿಂಗಳಿನಲ್ಲಿ ನಾಸಾದ ಯಾತ್ರಿಗಳಾದ ಕೇಟ್ ರೂಬಿನ್ಸ್ ಮತ್ತು ಆಂಡ್ರೆ ಡಗ್ಲಸ್ ಅದೇ ಜ್ವಾಲಾಮುಖಿ ಪ್ರದೇಶದಲ್ಲಿ ಒಂದು ವಾರ ಅಭ್ಯಾಸ ಮಾಡಿದರು.

ಭೂಮಿಯ ಯಾವ ಬಯಲೂ ಆರನೆಯ ಒಂದು ಪಾಲಿನ ಗುರುತ್ವವನ್ನು ಕೊಡಲಾರದು, ನಿರ್ವಾತವನ್ನು ಕೊಡಲಾರದು, ಗಾಜಿನಂತೆ ಹರಿತವಾಗಿ ಉಡುಪಿಗೆ ಅಂಟಿಕೊಳ್ಳುವ ಚಂದ್ರಧೂಳಿಯನ್ನು ಕೊಡಲಾರದು. ಇದನ್ನು ಯಾರೂ ಅಲ್ಲಗಳೆಯುವುದಿಲ್ಲ. ಮರೆತುಹೋಗುವ ಸಂಗತಿ ಇನ್ನೊಂದು: ನಾವು ಅನ್ಯಗ್ರಹವೆಂದು ಭಾವಿಸಿ ತುಳಿಯುವ ನೆಲ ಮತ್ತೊಬ್ಬರ ಪಾಲಿಗೆ ಪುಣ್ಯಭೂಮಿಯಾಗಿರಬಹುದು. ಹವಾಯಿಯ ಮೂಲನಿವಾಸಿಗಳಿಗೆ ಕಿಲಾವೆಯಾ ಪೇಲೆ ಎಂಬ ದೇವತೆಯ ನಿವಾಸ. ಮೌನಾ ಕೆಯಾ ಶಿಖರದ ಮೇಲೆ ಮಹಾದೂರದರ್ಶಕ ಕಟ್ಟುವುದನ್ನು ಪ್ರತಿಭಟಿಸಿ 2019ರಲ್ಲಿ ಅವರು ದಾರಿಗೆ ಅಡ್ಡಲಾಗಿ ಕುಳಿತರು. ಅನುಮತಿಯಿಲ್ಲದೆ ಬೇರೊಂದು ಲೋಕದ ಆಟವಾಡುವ ಹಕ್ಕು ವಿಜ್ಞಾನಕ್ಕೂ ಇಲ್ಲ.

ಈಗ ನಮ್ಮ ದೇಶದ ವಿಚಾರ. ಉಪಕರಣಗಳ ಮಟ್ಟಿಗೆ ನಮ್ಮ ಅಂತರಿಕ್ಷ ಸಂಸ್ಥೆ ಈ ವಿದ್ಯೆಯನ್ನು ಚೆನ್ನಾಗಿಯೇ ಬಲ್ಲದು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಉಳ್ಳಾರ್ತಿ ಕಾವಲಿನಲ್ಲಿ ಕೃತಕ ಕುಳಿಗಳನ್ನು ತೋಡಿಸಿ, ಚಂದ್ರನ ಮೇಲಿಳಿಯುವ ನೌಕೆಯ ಸಂವೇದಕಗಳನ್ನು ವಿಮಾನದಲ್ಲಿಟ್ಟು ಅವುಗಳ ಮೇಲೆ ಹಾರಿಸಿ ಪರೀಕ್ಷಿಸಿದುದನ್ನು ನೆನೆದರೆ ಸಿಂಡರ್ ಲೇಕಿನ ಆ ಸಿಡಿಮದ್ದಿನ ಕುಳಿಗಳೇ ಕಣ್ಣಿಗೆ ಕಟ್ಟುತ್ತವೆ. ನೌಕೆಯ ಕಾಲುಗಳೂ ರೋವರಿನ ಚಕ್ರಗಳೂ ಮೆಟ್ಟಬೇಕಾದ ಮಣ್ಣಿಗಾಗಿ ತಮಿಳುನಾಡಿನ ಸಿತ್ತಂಪೂಂಡಿಯಿಂದ ಅನಾರ್ಥೊಸೈಟ್ ಶಿಲೆಯನ್ನು ತರಿಸಿ, ಪುಡಿಮಾಡಿಸಿ, ಬೆಂಗಳೂರಿನಲ್ಲಿ ಚಂದ್ರನ ಅಂಗಳವನ್ನೇ ಹರಡಲಾಯಿತು. 2023ರ ಆಗಸ್ಟ್ 23ರಂದು ಇಳಿದ ಚಂದ್ರಯಾನ 3ರ ಪ್ರಜ್ಞಾನ್ ರೋವರ್ ದಕ್ಷಿಣದ ಎತ್ತರದ ನೆಲದಲ್ಲಿ ಪತ್ತೆಮಾಡಿದುದೂ ಅದೇ ಜಾತಿಯ ಶಿಲೆಯ ರಚನೆಯನ್ನೇ. ಎಳೆಯ ಚಂದ್ರನ ಮೈಯೆಲ್ಲ ಒಮ್ಮೆ ಕರಗಿದ ಶಿಲಾರಸದ ಕಡಲಾಗಿತ್ತೆಂಬ, ಅಪೊಲೋ 11 ತಂದ ಮಣ್ಣಿನ ಬಿಳಿಯ ಚೂರುಗಳಿಂದ ಹುಟ್ಟಿದ ಸಿದ್ಧಾಂತಕ್ಕೆ ಅದರಿಂದ ಇನ್ನೊಂದು ಆಧಾರ ದೊರೆಯಿತು.

ಯಂತ್ರಗಳಿಗೆ ಇಷ್ಟು ಮಾಡಿದ ನಾವು ಮನುಷ್ಯರಿಗೆ ಏನು ಮಾಡುತ್ತಿದ್ದೇವೆ? 2024ರಲ್ಲಿ ಹೆಸರಿಸಲಾದ ಗಗನಯಾನದ ನಾಲ್ವರು ಯಾತ್ರಿಗಳೂ ವಾಯುಸೇನೆಯ ಪರೀಕ್ಷಾಚಾಲಕರು. ಅಮೆರಿಕದ ಮೊದಲ ಯಾತ್ರಿಗಳಂತೆಯೇ ಇದೂ ಸಹಜ, ಇದರಲ್ಲಿ ತಪ್ಪೇನೂ ಇಲ್ಲ. 2024ರ ನವೆಂಬರಿನಲ್ಲಿ ಲೇಹ್‌ನಲ್ಲಿ ಅಂತರಿಕ್ಷ ಸಂಸ್ಥೆಯ ಸಹಯೋಗದಿಂದ ವಾಸಗೃಹವೊಂದರ ಪ್ರಯೋಗ ನಡೆಯಿತು. 2025ರ ಆಗಸ್ಟಿನಲ್ಲಿ ಬೆಂಗಳೂರಿನ ಸಂಸ್ಥೆಯೊಂದು ಲಡಾಖಿನ ತ್ಸೋ ಕಾರ್ ಕಣಿವೆಯಲ್ಲಿ 8 ಮೀಟರ್ ವ್ಯಾಸದ ಗುಮ್ಮಟವನ್ನು ನಿಲ್ಲಿಸಿ ಇಬ್ಬರನ್ನು ಅದರೊಳಗೆ ಇರಿಸಿತು. ಎತ್ತರ, ಶೀತ, ವಿರಳವಾದ ಗಾಳಿ, ಏಕಾಂತ ಇವನ್ನು ಅಭ್ಯಾಸ ಮಾಡಿಕೊಳ್ಳಲು ಲಡಾಖ್ ಉತ್ತಮವಾದ ಸ್ಥಳವೇ ಸರಿ. ಆದರೆ ನಮ್ಮ ಸಿದ್ಧತೆಯ ಕಾಂತಿಯೆಲ್ಲ ಗುಮ್ಮಟದ ಸುತ್ತಲೇ ಸುಳಿದಾಡುತ್ತಿದ್ದರೆ, ಹೋದವನು ಬದುಕಿ ಮರಳುವುದನ್ನು ಕಲಿಯುತ್ತಾನೆಯೇ ವಿನಾ ಅಲ್ಲಿ ಹೋಗಿ ಮಾಡಬೇಕಾದ ಕೆಲಸವನ್ನು ಕಲಿಯಲಾರ.

ಆ ಕೆಲಸವನ್ನು ಕಲಿಸುವ ನೆಲ ನಮ್ಮಲ್ಲಿ ಇಲ್ಲವೇ? ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಪದರಪದರವಾಗಿ ಹರಿದ ದಖ್ಖನಿನ ಲಾವಾಪ್ರವಾಹಗಳು ಇಂದಿಗೂ 5 ಲಕ್ಷ ಚದರ ಕಿ.ಮೀ. ಪ್ರದೇಶವನ್ನು ಆವರಿಸಿವೆ; ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ ಜಿಲ್ಲೆಗಳ ಬಹುಭಾಗ ಆ ಹಾಸಿನ ದಕ್ಷಿಣದ ಅಂಚೇ ಆಗಿದೆ. ವಿಜಯಪುರದ ಗೋಲಗುಮ್ಮಟವನ್ನು ಕಟ್ಟಿದ್ದು ಆ ಕಲ್ಲಿನಿಂದ, ಅಜಂತೆಯ ಗುಹೆಗಳನ್ನು ಕೊರೆದದ್ದು ಆ ಕಲ್ಲಿನಲ್ಲಿ, ಉತ್ತರ ಕರ್ನಾಟಕದ ರೈತ ಜೋಳ ಬಿತ್ತುವ ಎರೆಮಣ್ಣು ಆ ಕಲ್ಲು ಕೊಳೆತು ಆದುದು. ಇಲ್ಲಿಯೇ ವಿರೋಧಿಗಳ ಆಕ್ಷೇಪವೂ ಇದೆ: ಹವಾಯಿಯ ಲಾವಾ ನಿನ್ನೆ ಮೊನ್ನೆಯದು, ಬೆತ್ತಲೆ ನಿಂತಿರುವುದು, ನಮ್ಮದು ಮುಂಗಾರಿನಲ್ಲಿ ತೊಯ್ದು, ಎರೆಯಾಗಿ, ಬೆಳೆಯಿಂದ ಮುಚ್ಚಿಹೋದದ್ದು, ಇದರಲ್ಲಿ ಓದುವುದೇನು? ಆಕ್ಷೇಪ ಅರ್ಧ ಸತ್ಯ. ಪಶ್ಚಿಮಘಟ್ಟಗಳ ಕಡಿದಾದ ಮುಖಗಳಲ್ಲಿ, ಘಾಟಿಯ ರಸ್ತೆ ಸೀಳಿದ ಗೋಡೆಗಳಲ್ಲಿ, ಕಲ್ಲುಗಣಿಗಳ ಅಡ್ಡಕೊಯ್ತಗಳಲ್ಲಿ ಒಂದು ಪ್ರವಾಹದ ಗುಳ್ಳೆಗಟ್ಟಿದ ನೆತ್ತಿ, ಅದರ ಮೇಲೆ ಸುಟ್ಟು ಕೆಂಪಾದ ತೆಳು ಪದರ, ಅದರ ಮೇಲೆ ಮತ್ತೊಂದು ಪ್ರವಾಹದ ಅಡಿ ಹೀಗೆ ಒಂದರ ಮೇಲೊಂದು ಸ್ಪಷ್ಟವಾಗಿ ಕಾಣುತ್ತವೆ; ಹ್ಯಾಡ್ಲಿ ಕಣಿವೆಯ ಗೋಡೆಯಲ್ಲಿ ಸ್ಕಾಟ್ ದೂರದಿಂದ ಗುರುತಿಸಿದ್ದೂ ಇಂತಹ ಪದರಗಳನ್ನೇ.

ಇವೆಲ್ಲಕ್ಕೂ ಮಿಗಿಲಾಗಿ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರ್ ಇದೆ. ಸುಮಾರು 1.8 ಕಿ.ಮೀ. ವ್ಯಾಸದ ಆ ಕುಳಿ ದಖ್ಖನಿನ ಕರಿಗಲ್ಲಿಗೆ ಉಲ್ಕೆಯೊಂದು ಬಡಿದು ಆದುದು. ಬಸಾಲ್ಟಿನಲ್ಲಿ ಆದ ಉಲ್ಕಾಕುಳಿಗಳು ಭೂಮಿಯ ಮೇಲೆ ಅತಿ ವಿರಳ, ಅವುಗಳಲ್ಲಿ ಲೋಣಾರಿನಷ್ಟು ಸುಸ್ಥಿತಿಯಲ್ಲಿರುವುದು ಮತ್ತೊಂದಿಲ್ಲವೆಂದೇ ಹೇಳಬೇಕು. ಚಂದ್ರನ ಕಪ್ಪು ಬಯಲುಗಳ ಮೇಲಿನ ಕುಳಿಗಳು ಬಹುಮಟ್ಟಿಗೆ ಲಾವಾಶಿಲೆಯ ಮೇಲೆ ಉಲ್ಕೆ ಬಿದ್ದು ಆದವುಗಳೇ ಆದ್ದರಿಂದ, 1970ರ ದಶಕದಿಂದಲೂ ವಿದೇಶೀಯ ವಿಜ್ಞಾನಿಗಳು ಲೋಣಾರಿಗೆ ಬಂದು, ಆಘಾತದಿಂದ ಗಾಜಾಗಿ ಮಾರ್ಪಟ್ಟ ಕಲ್ಲುಗಳನ್ನು ಒಯ್ದು, ಚಂದ್ರನ ಮಾದರಿಗಳ ಪಕ್ಕದಲ್ಲಿಟ್ಟು ಹೋಲಿಸಿದ್ದಾರೆ. ಅಪೊಲೋ 16ರ ಯಾತ್ರಿಗಳು ಲಾವಾರಸದ ಕಲ್ಲನ್ನು ಹವಾಯಿಯಲ್ಲಿಯೂ ಆಘಾತದ ಕಲ್ಲನ್ನು ಕೆನಡಾದಲ್ಲಿಯೂ ಬೇರೆ ಬೇರೆಯಾಗಿ ಕಲಿಯಬೇಕಾಗಿತ್ತು. ಲೋಣಾರಿನ ಅಂಚಿನ ಮೇಲೆ ಒಂದು ಬೆಳಗ್ಗೆ ನಡೆದರೆ ಎರಡೂ ಪಾಠಗಳು ಒಂದೇ ಗೋಡೆಯಲ್ಲಿ ದೊರೆಯುತ್ತವೆ. ಆದರೆ ಕುಳಿಯ ಸುತ್ತ ಚೆಲ್ಲಿಕೊಂಡಿರುವ ಆಘಾತಶಿಲೆಗಳ ಹೊದಿಕೆ ಉಳುಮೆಗೂ ರಸ್ತೆಗೂ ಕಟ್ಟಡಗಳಿಗೂ ತುತ್ತಾಗುತ್ತ ಬರುತ್ತಿದೆ. ಕುಳಿಯೊಳಗಿನ ಸರೋವರಕ್ಕೆ 2020ರಲ್ಲಿ ಜೌಗುಪ್ರದೇಶಗಳಿಗೆ ಸಲ್ಲುವ ರಾಮ್‌ಸರ್ ಮನ್ನಣೆ ದೊರೆತು ನೀರಿಗೂ ಹಕ್ಕಿಗಳಿಗೂ ರಕ್ಷಣೆಯ ಮಾತು ಬಂದಿದೆ. ಕಲ್ಲಿಗೂ ಅದೇ ರಕ್ಷಣೆ ಸಲ್ಲಬೇಕು.

2040 ದೂರವಿದೆ, ಅವಸರವೇನು ಎನ್ನುವವರಿಗೆ ಒಂದು ಲೆಕ್ಕ ಹೇಳಬಹುದು. ಶೂಮೇಕರ್ ಫ್ಲಾಗ್‌ಸ್ಟಾಫಿನಲ್ಲಿ ಶಾಲೆ ತೆರೆದ 8 ವರ್ಷಗಳ ಮೇಲೆ ಸ್ಕಾಟ್ ಆ ಕರಿಯ ಕಲ್ಲಿಗಾಗಿ ವಾಹನ ನಿಲ್ಲಿಸಿದರು. ಆ ಯಾತ್ರೆಗಾಗಿಯೇ ಅವರೂ ಇರ್ವಿನ್ನರೂ ಒಂದು ವರ್ಷಕ್ಕೂ ಮಿಕ್ಕಿ, ಸರಿಸುಮಾರು ತಿಂಗಳಿಗೊಂದರಂತೆ ಬೆಟ್ಟಬಯಲುಗಳ ಯಾತ್ರೆ ಮಾಡಿದ್ದರು. ಇಂತಹ ಕಣ್ಣು ಒಂದೆರಡು ಪ್ರವಾಸಗಳಲ್ಲಿ ಬರುವುದಲ್ಲ, ಅದನ್ನು ಕಲಿಸಬಲ್ಲ ಗುರುಗಳೂ ದಿಢೀರನೆ ಹುಟ್ಟುವುದಿಲ್ಲ. ಧಾರವಾಡ, ಮೈಸೂರು ವಿಶ್ವವಿದ್ಯಾನಿಲಯಗಳ ಭೂವಿಜ್ಞಾನ ವಿಭಾಗಗಳಲ್ಲಿಯೂ ಭಾರತೀಯ ಭೂಸರ್ವೇಕ್ಷಣ ಸಂಸ್ಥೆಯಲ್ಲಿಯೂ ದಖ್ಖನಿನ ಕಲ್ಲನ್ನು ಮೆಟ್ಟಿ ಬೆಳೆದ ವಿದ್ವಾಂಸರಿದ್ದಾರೆ. ಅವರನ್ನು ಕರೆದು ಬೆಂಗಳೂರಿನ ಯಾತ್ರಿ ತರಬೇತಿ ಕೇಂದ್ರದ ಪಠ್ಯಕ್ರಮದಲ್ಲಿ ಕ್ಷೇತ್ರಭೂವಿಜ್ಞಾನಕ್ಕೆ ಈಗಿನಿಂದಲೇ ಖಾಯಂ ಸ್ಥಾನ ಕೊಡುವುದಕ್ಕೆ ದೊಡ್ಡ ವೆಚ್ಚವೇನೂ ಆಗದು. ಮುಂದಿನ ಯಾತ್ರಿಗಳ ಆಯ್ಕೆಯಲ್ಲಿ ಒಬ್ಬ ಭೂವಿಜ್ಞಾನಿಗಾದರೂ ಅವಕಾಶವಿರಲಿ. ಅಲ್ಲಿಯವರೆಗೆ ಈಗಿರುವ ಚಾಲಕರನ್ನು, ಮಳೆ ನಿಂತು ಹುಲ್ಲು ಒಣಗಿ ಕಲ್ಲು ಕಾಣಿಸಿಕೊಳ್ಳುವ ಮಾಘ ಫಾಲ್ಗುಣಗಳಲ್ಲಿ, ಒಂದು ಸುತ್ತಿಗೆ, ಒಂದು ಭೂತಗನ್ನಡಿ ಮತ್ತು ಒಂದು ರೇಡಿಯೋ ಕೊಟ್ಟು ಅಂತರಿಕ್ಷ ಸಂಸ್ಥೆ ಲೋಣಾರಿಗೆ ಕಳುಹಿಸಿಕೊಡಲಿ.